ಗಂಡಿನ ಒಲವು, ಹೆಣ್ಣಿನ ಒಲವು

ಒಲವೆಂದರೆ ಗಂಡಸರ ಮನಸ್ಸಿನಲ್ಲಿ ಇರುವುದೂ ಹೆಂಗಸರ ಮನಸ್ಸಿನಲ್ಲಿ ಇರುವುದೂ ಒಂದೆಯೋ ಬೇರೆಯೋ ಎಂಬ ಪ್ರಶ್ನೆಯನ್ನು ವಿಚಾರಿಸಲು ನಾವು ದೂರ ಹೋಗಬೇಕಾಗಿಲ್ಲ. ಬಾಗಲಕೋಟೆ, ವಿಜಾಪುರಗಳ ಸೀಮೆಯಲ್ಲಿ ಗಂಡು-ಹೆಣ್ಣಿನ ವಾದವನ್ನು ಹಾಡಿಯೇ ನಡೆಸುವ ಸಂಪ್ರದಾಯವುಂಟು. ಹರದೇಶಿಯವರು ಗಂಡು ಹೆಚ್ಚೆಂದೂ ನಾಗೇಶಿಯವರು ಹೆಣ್ಣು ಹೆಚ್ಚೆಂದೂ ಡಪ್ಪು ಬಾರಿಸಿ ರಾತ್ರಿಯೆಲ್ಲ ಸವಾಲು-ಜವಾಬು ನಡೆಸುತ್ತಾರೆ. ಆದರೆ ಅಲ್ಲಿಯದು ಹಿರಿಮೆಯ ಜಗಳ. ಯಾರು ಹೇಗೆ ಪ್ರೀತಿಸುತ್ತಾರೆಂದು ತಿಳಿಯಬೇಕಾದರೆ ಬೇರೆ ಕಡೆಗೆ ನೋಡಬೇಕು, ಕಿವಿಗೊಡಬೇಕು.

ಮೊದಲು ಗಂಡಸರ ಕಲ್ಪನೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ. ಅಲ್ಲಿಯ ಕಂಬಗಳ ಮೇಲ್ತುದಿಯಲ್ಲಿ ಮರದ ಕೆಳಗೆ ನಿಂತ ಜೋಡಿಗಳನ್ನು ಕೆತ್ತಿದ್ದಾರೆ. ಹುನಗುಂದ ತಾಲೂಕಿನ ಐಹೊಳೆಯ ದುರ್ಗ ಗುಡಿಯ ಕಂಬಗಳಲ್ಲಿಯೂ ಅಂಥ ಜೋಡಿಗಳಿವೆ. ಅವುಗಳ ಚೆಲುವನ್ನು ಯಾರು ಅಲ್ಲಗಳೆಯುವರು? ಆದರೆ ಅದು ಒಂದು ಗಳಿಗೆಯ ಚೆಲುವು. ಆ ಹೆಣ್ಣಿಗೆ ವಯಸ್ಸಾಗುವುದಿಲ್ಲ, ಬೇನೆ ಬರುವುದಿಲ್ಲ. ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನೇ ತೆಗೆದುಕೊಳ್ಳಿ. ಬೈಲಹೊಂಗಲದ ಸಂಗ್ಯಾ ಇನ್ನೊಬ್ಬನ ಹೆಂಡತಿ ಗಂಗಾಳನ್ನು ನೋಡಿದ. ನೋಡಿದಂದಿನಿಂದ ಅವನಿಗೆ ಬೇರೊಂದು ಧ್ಯಾನವಿಲ್ಲ. ಕಡೆಗೆ ಪ್ರಾಣವನ್ನೇ ಕಳೆದುಕೊಂಡ. ಜನ ಅವನಿಗಾಗಿ ಮರುಗುತ್ತಾರೆ. ಗಂಗಾಳ ಮನಸ್ಸಿನಲ್ಲಿ ಏನಿತ್ತೆಂದು ಆಟ ಮುಗಿದ ಮೇಲೆ ಕೇಳಿದವರನ್ನು ನಾನಂತೂ ಕಂಡಿಲ್ಲ.

ಕುಲಗೋಡ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ದ ಮಾತು ಬೇರೆ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟನೆಂದು ಸತ್ಯಭಾಮೆ ಮುನಿಯುತ್ತಾಳೆ. ಕೃಷ್ಣನ ಲೆಕ್ಕದಲ್ಲಿ ಅದು ಒಂದು ಹೂವು. ಹೂವು ಕೈಗೆ ಬಂದಾಗ ತನ್ನ ನೆನಪೇಕೆ ಮೊದಲು ಬರಲಿಲ್ಲ ಎಂಬುದು ಭಾಮೆಯ ಲೆಕ್ಕ. ತಮ್ಮಣ್ಣ ಗಂಡಸಾದರೂ ಈ ಮರ್ಮವನ್ನು ಹಿಡಿದನು. ಆ ಆಟದಲ್ಲಿ ಕೌಜಲಗಿ ನಿಂಗಮ್ಮನಂಥ ಕಲಾವಿದೆ ಹೆಸರು ಪಡೆದದ್ದು ಸಹಜವೇ ಸರಿ.

ಹೆಂಗಸರು ತಾವೇ ಹೇಳಿದ ಮಾತಿಗೆ ಬೀಸುವ ಕಲ್ಲಿನ ಬಳಿಗೆ ಹೋಗಬೇಕು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿ ಈ ತ್ರಿಪದಿಗಳನ್ನು ಓದುಬಲ್ಲವರ ಮುಂದಿಟ್ಟರು. ಗಂಡ-ಹೆಂಡಿರ ಸರಸ ಅವುಗಳಲ್ಲಿ ಇಲ್ಲದಿಲ್ಲ. ಆದರೆ ಅಲ್ಲಿ ಗಂಡ ಒಬ್ಬನೇ ಬರುವುದಿಲ್ಲ. ತವರು, ಅಣ್ಣ, ಅತ್ತೆ, ತೊಟ್ಟಿಲ ಕೂಸು ಎಲ್ಲರೂ ಬರುತ್ತಾರೆ. ಸವತಿಯ ಭಯವೂ ಬರುತ್ತದೆ. ಗಂಡಸು ಲಾವಣಿಯನ್ನು ಬಯಲಲ್ಲಿ ನಾಲ್ಕು ಮಂದಿಯ ಮುಂದೆ ಹಾಡಿದ. ಹೆಣ್ಣು ಕತ್ತಲಿರುವಾಗಲೇ ಎದ್ದು, ಅತ್ತೆಯ ಕಿವಿಗೆ ಬೀಳುತ್ತದೆಂಬ ಎಚ್ಚರದಲ್ಲಿ, ಹಿಟ್ಟು ಮಾಡುತ್ತ ಹಾಡಿದಳು. ಗಂಡನ ಹೆಸರನ್ನು ಕೂಡ ನೇರವಾಗಿ ಹೇಳುವಂತಿರಲಿಲ್ಲ. ಮದುವೆ, ಕುಬಸಗಳಲ್ಲಿ ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಬೇಕಾಗಿತ್ತು. ಆದುದರಿಂದ ಇದು ಹುಟ್ಟಿನಿಂದ ಬಂದ ಭೇದವೆಂದು ನಾನು ನಂಬುವುದಿಲ್ಲ. ಹಾಡುವ ಜಾಗ ಬೇರೆಯಾದ್ದರಿಂದ ಹಾಡೂ ಬೇರೆಯಾಯಿತು. ಗಿರಣಿಗಳು ಬಂದ ಮೇಲೆ ಕಲ್ಲು ಮೂಲೆ ಸೇರಿತು; ಬಯಲಿನ ಹಾಡಿಗೆ ಮಾತ್ರ ಧ್ವನಿವರ್ಧಕ ಬಂದಿದೆ.

ನಮ್ಮದು ಇಳಕಲ್ಲಿನ ನೇಕಾರ ಮನೆ. ತಂದೆಯವರು ಕುಣಿಮಗ್ಗದಲ್ಲಿ ಸೀರೆ ನೇಯುತ್ತಾರೆ, ಅವ್ವ ಕಂಡಿಕೆ ಸುತ್ತುತ್ತಾಳೆ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವುದು ನಮ್ಮೂರಿನ ಸೀರೆಯ ವಿಶೇಷ. ಇಬ್ಬರೂ ಮಾತಾಡದೆ ಆ ಕೆಲಸ ಮಾಡುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಈ ಲೇಖನಕ್ಕಾಗಿ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಕನ್ಯಾ ನೋಡಲು ಹೋದ ದಿನ ಅವ್ವ ದಾಳಿಂಬ ಬಣ್ಣದ ಸೀರೆಯುಟ್ಟಿದ್ದಳೆಂದೂ ಅದರ ದಡಿ ಎಂಥದೆಂದೂ ತಂದೆಯವರು ತಡವಿಲ್ಲದೆ ಹೇಳಿದರು. ಅವ್ವನಿಗೆ ಆ ಸೀರೆಯ ನೆನಪೇ ಇಲ್ಲ. ನಾನು ಹುಟ್ಟುವ ಮೊದಲು ಒಮ್ಮೆ ಅವಳಿಗೆ ಜ್ವರ ಬಂದಾಗ ತಂದೆಯವರು ಮಗ್ಗ ನಿಲ್ಲಿಸಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದರಂತೆ. “ಒಂದೂ ದುಂಡಗ ಆಗಲಿಲ್ಲ,” ಎಂದು ಅವ್ವ ಈಗಲೂ ನಗುತ್ತಾಳೆ. ತಂದೆಯವರಿಗೆ ಆ ರೊಟ್ಟಿ ನೆನಪಿಲ್ಲ! ಒಂದೇ ಸಂಸಾರ, ಒಬ್ಬರು ಕಂಡದ್ದನ್ನು ಇಟ್ಟುಕೊಂಡಿದ್ದಾರೆ, ಇನ್ನೊಬ್ಬರು ನಡೆದದ್ದನ್ನು.

ಇದು ಬರೀ ನೆನಪಿನ ಮಾತಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ನಮ್ಮಲ್ಲಿ ಮದುವೆ ಕೂಡುವುದು ಗಂಡಿನ ಕಲ್ಪನೆಯಂತೆ. ಬರುತ್ತಾರೆ, ಚಹಾ ಅವಲಕ್ಕಿ ತೆಗೆದುಕೊಳ್ಳುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ಅವನಿಗೆ ಬೇಕಾದದ್ದು ಅಷ್ಟರಲ್ಲಿ ಕಾಣುತ್ತದೆ. ಅವಳಿಗೆ ಬೇಕಾದದ್ದು ಅಷ್ಟರಲ್ಲಿ ಕಾಣುವಂಥದ್ದಲ್ಲ. ನೆರೆಮನೆಯ ಹುಡುಗಿಗೆ ಅವ್ವ ಹೇಳಿದ ಬುದ್ಧಿಮಾತು ಇದು: “ಚೆಂದ ಅದಾನೋ ಇಲ್ಲೋ ಅಂತ ನೋಡಬ್ಯಾಡವಾ. ನೀ ಉಂಡಿ ಏನು ಅಂತ ಕೇಳಾಂವ ಹೌದೋ ಅಲ್ಲೋ, ಅದನ್ನ ನೋಡು.” ಅದನ್ನು ಅರ್ಧ ಗಂಟೆಯಲ್ಲಿ ನೋಡುವುದು ಹೇಗೆಂದು ಆ ಹುಡುಗಿ ಕೇಳಿದಳು. ಅವ್ವನ ಬಳಿ ಉತ್ತರವಿರಲಿಲ್ಲ.

ಬಂದವರ ಮುಂದೆ ಹುಡುಗಿಯೇ ಪ್ರಶ್ನೆ ಕೇಳುವ ರೂಢಿ ನಮ್ಮ ಓಣಿಯಲ್ಲಿ ಇನ್ನೂ ಆಗಿಲ್ಲ. ಪರೀಕ್ಷೆ ಮುಗಿದ ಮೇಲೆ ನಮ್ಮ ಮನೆಗೂ ಬರುವವರಿದ್ದಾರೆ. ನಾನು ಎರಡು ಪ್ರಶ್ನೆಗಳನ್ನು ಸಿದ್ಧಮಾಡಿಕೊಂಡಿದ್ದೇನೆ. ಅವ್ವನಿಗೆ ತಿಳಿಸಿದ್ದಾಗಿದೆ, ತಂದೆಯವರಿಗೆ ಅವ್ವ ತಿಳಿಸಬೇಕು.