ಕಾಡ್ಗಿಚ್ಚು: ಸೋಲಿಗರ ‘ತರಗು ಬೆಂಕಿ’ ಕಲಿಸುವ ಪಾಠ

ಕಾಡಂಚಿನಲ್ಲಿ ಜಮೀನುಳ್ಳ ರೈತರಿಗೆ ಬೇಸಿಗೆ ಬಂತೆಂದರೆ ಬೆಂಕಿಯ ಭಯ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತು. ಹವಾಮಾನ ಬದಲಾಗಿ ಬಿಸಿಲು ಏರಿ, ಒಣಹವೆ ಲಂಬಿಸಿದಂತೆ ಇಂತಹ ಅಪಾಯ ಹೆಚ್ಚುತ್ತದೆ.

ತರಗು ಬೆಂಕಿ ಎಂದರೇನು?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಜನವರಿ-ಫೆಬ್ರವರಿಯಲ್ಲಿ, ಬೇಸಿಗೆ ಬಲಿಯುವ ಮೊದಲೇ, ನೆಲದ ತರಗೆಲೆಗೆ ಬೆಂಕಿ ಇಡುತ್ತಿದ್ದರು. ಆಗ ನೆಲದಲ್ಲಿ ತೇವ ಉಳಿದಿರುವುದರಿಂದ ಬೆಂಕಿ ಮೊಣಕಾಲೆತ್ತರ ಮೀರದೆ ಹರಿದು ಆರುತ್ತಿತ್ತು. ಇದರಿಂದ ತರಗು ರಾಶಿಬೀಳುತ್ತಿರಲಿಲ್ಲ. ಹೊಸ ಹುಲ್ಲು ಚಿಗುರುತ್ತಿತ್ತು. ಲಂಟಾನದ ಎಳೆಸಸಿಗಳು ಸಾಯುತ್ತಿದ್ದವು. ನೆಲ್ಲಿಮರದ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತೆಂದು ಸೋಲಿಗರು ಹೇಳುತ್ತಾರೆ.

ಬೆಂಕಿ ನಿಂತ ಮೇಲೆ

1974ರಲ್ಲಿ ಬೆಟ್ಟವು ವನ್ಯಧಾಮವಾದ ಬಳಿಕ ಈ ಪದ್ಧತಿ ನಿಂತಿತು. ಸಮೀಕ್ಷೆ ಮಾಡಿದ ತಾಕುಗಳಲ್ಲಿ ಲಂಟಾನ ಇದ್ದವು 1997ರಲ್ಲಿ ಶೇ. 41, 2008ರಲ್ಲಿ ಶೇ. 81. ಇದಕ್ಕೆ ಬೆಂಕಿ ನಿಂತದ್ದೊಂದೇ ಕಾರಣವೆನ್ನಲಾಗದು. ಆದರೆ ಆಳೆತ್ತರದ ಲಂಟಾನ ಒಣಗಿದಾಗ ಏಣಿಯಂತಾಗಿ, ನೆಲದ ಬೆಂಕಿಯನ್ನು ಮರದ ನೆತ್ತಿಗೆ ಏರಿಸುತ್ತದೆ. ಆದ್ದರಿಂದ ಈಗ ಹಳೆಯ ಪದ್ಧತಿಯಂತೆ ನೇರವಾಗಿ ಬೆಂಕಿ ಇಡುವುದು ಸಲ್ಲದು. ಮೊದಲು ಲಂಟಾನ ತೆಗೆಯಬೇಕು. ಅನುಮತಿಯಿಲ್ಲದೆ ಕಾಡಿಗೆ ಬೆಂಕಿ ಹಚ್ಚುವುದು ಅಪರಾಧವೆಂಬುದನ್ನೂ ಮರೆಯಬಾರದು.

ರೈತರು ಏನು ಮಾಡಬೇಕು?

1. ಕಾಡಿನ ಕಡೆಯ ಬದುವಿನ ಉದ್ದಕ್ಕೂ ಹುಲ್ಲು, ತರಗು ಕೆರೆದು, ಬೇಸಿಗೆಗೆ ಮುಂಚೆಯೇ ಬರಿನೆಲದ ಪಟ್ಟೆ ಬಿಡಬೇಕು.

2. ಬದುವಿನ ಲಂಟಾನವನ್ನು ಮೇಲಷ್ಟೇ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ನೆಲಮಟ್ಟದಿಂದ ಒಂದೆರಡು ಅಂಗುಲ ಕೆಳಗೆ ತಾಯಿಬೇರು ಕಡಿದು, ಗಿಡವನ್ನು ತಲೆಕೆಳಗಾಗಿಸಿ ಒಣಗಿಸಬೇಕು. ಕಾಯಿ ಬಲಿಯುವ ಮೊದಲೇ ಈ ಕೆಲಸ ಮುಗಿಸುವುದು ಲೇಸು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ. ಮರುವರ್ಷ ಹುಟ್ಟುವ ಸಸಿಗಳನ್ನೂ ಕೀಳಬೇಕು.

3. ಕೂಳೆ, ರವದಿ, ಕಸಕಡ್ಡಿಗಳನ್ನು ಸುಡದೆ ಗೊಬ್ಬರದ ಗುಂಡಿಗೆ ಹಾಕಬೇಕು ಇಲ್ಲವೇ ಹೊದಿಕೆಯಾಗಿ ಬಳಸಬೇಕು.

4. ಹೊಗೆ ಕಂಡೊಡನೆ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು.

ಬೆಂಕಿಯ ಬಲವಿರುವುದು ಅದಕ್ಕೆ ಸಿಗುವ ಮೇವಿನಲ್ಲಿ. ಮೇವನ್ನು ಸಕಾಲದಲ್ಲಿ ಕಡಿಮೆ ಮಾಡಬೇಕೆಂಬುದೇ ತರಗು ಬೆಂಕಿಯ ತಿರುಳು. ಕಡ್ಡಿ ಗೀರದೆಯೂ, ಕುಡುಗೋಲು ಗುದ್ದಲಿಗಳಿಂದಲೇ, ನಮ್ಮ ಬದುಗಳಲ್ಲಿ ಇದನ್ನು ಸಾಧಿಸಬಹುದು.