ಕುದುರೆಯ ಕಳವಳವೂ ವಿಶ್ರಾಂತಿಯೂ

ನಾಗಮಂಗಲದ ನೆರೆಯ ಕುಣಿಗಲಿನ ಅಶ್ವಶಾಲೆಯು ಟಿಪ್ಪು ಸುಲ್ತಾನನ ಕಾಲದಲ್ಲಿ ಮೊದಲಾದುದೆಂಬುದನ್ನು ನಮ್ಮ ಸೀಮೆಯವರು ಬಲ್ಲರು. ಅಲ್ಲಿಂದ ಮೈಸೂರಿನ ಕುದುರೆಪಂದ್ಯದ ಮೈದಾನಕ್ಕೆ ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳ ಮೇಲೆ ಮಾರ್ಗವುಂಟು. ಪಣ ಕಟ್ಟುವವರ ಮಾತು ನಮಗೆ ಬೇಡ. ಲಾರಿಯೇರಿ ಹೊರಟ ಕುದುರೆಯ ದೇಹದೊಳಗೆ ನಡೆಯುವುದೇನೆಂಬುದನ್ನು ವಿಚಾರಿಸುವೆವು.

ಮೂತ್ರಪಿಂಡಗಳ ಬಳಿಯ ಎರಡು ಕಿರುಗ್ರಂಥಿಗಳು ಕಳವಳದ ವೇಳೆ ರಕ್ತಕ್ಕೆ ಹಾರ್ಮೋನುಗಳೆಂಬ ರಸಗಳನ್ನು ಬಿಡುತ್ತವೆ. ಅವುಗಳಲ್ಲಿ ಅಡ್ರಿನಲಿನ್ ಎಂಬುದು ಕ್ಷಣಮಾತ್ರದಲ್ಲಿ ಹೊರಡುವುದು. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 30ರಿಂದ 40 ಸಲ ಬಡಿಯುವ ಹೃದಯವು ಓಟದಲ್ಲಿ 200ನ್ನು ಮೀರುವುದು. ಗುಲ್ಮವು ಕೂಡಿಟ್ಟ ಕೆಂಪು ಕಣಗಳನ್ನು ರಕ್ತಕ್ಕೆ ಸುರಿಯುವುದು. ಕಾರ್ಟಿಸಾಲ್ ಎಂಬುದು ನಿಧಾನವಾಗಿ ಏರಿ, ಓಟ ಮುಗಿದ ಮೇಲೆಯೂ ಕೆಲಕಾಲ ನಿಂತು, ದೇಹದಲ್ಲಿ ಸಂಗ್ರಹವಾದ ಶಕ್ತಿಯನ್ನು ಒದಗಿಸುವುದು. ಓಟದಿಂದ ಮಾತ್ರವೇ ಅಲ್ಲ, ಪ್ರಯಾಣದಿಂದಲೂ ಹೊಸ ಲಾಯದಿಂದಲೂ ಇದು ಏರುವುದು.

ಹಾಗಾದರೆ ಈ ರಸವು ಶತ್ರುವೇ? ಅಲ್ಲ. ಏರುವುದು ಸಹಜ, ಇಳಿಯದಿರುವುದೇ ಕೇಡು. ಬಹುಕಾಲ ಇಳಿಯದಿದ್ದರೆ ರೋಗವನ್ನೆದುರಿಸುವ ಬಲ ಕುಂದುವುದು. ಆದುದರಿಂದಲೇ ಬಲ್ಲವರು ಕುದುರೆಯನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಪಳಗಿಸಿ, ಪಯಣಾನಂತರ ಮೇವು, ನೀರು, ವಿಶ್ರಾಂತಿಗಳನ್ನು ಕೊಡುವರು. ಹಾಗೆ ಪಳಗಿದ ಕುದುರೆಗೆ ಮೊದಲು ಕಷ್ಟವಾಗಿದ್ದ ಓಟವೇ ಹಗುರವಾಗುವುದು.

ನಮ್ಮ ಬಾಲಿಕೆಯರ ದೇಹದಲ್ಲಿಯೂ ಇವೇ ರಸಗಳಿವೆ. ಪರೀಕ್ಷೆಯ ಮುನ್ನಾದಿನ ಇರುಳೆಲ್ಲ ಓದಿಸುವ ತಾಯಿತಂದೆಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನಮ್ಮ ಬಿನ್ನಹ. ವರ್ಷವಿಡೀ ಮಿತವಾದ ಅಭ್ಯಾಸ, ಪರೀಕ್ಷೆಯ ಹಿಂದಿನ ರಾತ್ರಿ ಪೂರ್ಣನಿದ್ರೆ, ಇವೆರಡೇ ಅವರಿಗೆ ಬೇಕಾದ ಸಿದ್ಧತೆ.