ಅಜ್ಜಿಯ ಕಪ್ಪು-ಬಸಿ ಅರಮನೆಯದೇ?

ಲಕ್ಕುಂಡಿಯ ತಾಯಿಯವರಿಗೆ,

ಫೋಟೊದಲ್ಲಿ ಬಸಿಯ ತಳ ಚೆನ್ನಾಗಿ ಕಾಣುತ್ತದೆ: ಹಸಿರು ಅಕ್ಷರದಲ್ಲಿ ‘ಲಿಮೋಜ್ ಫ್ರಾನ್ಸ್’. ಲಿಮೋಜ್ ಕಂಪನಿಯಲ್ಲ, ಊರು. ಅಲ್ಲಿ ಹತ್ತಾರು ಕಾರ್ಖಾನೆಗಳಿದ್ದವು. ಆಮದು ಸಾಮಾನಿನ ಮೇಲೆ ದೇಶದ ಹೆಸರಿರಬೇಕೆಂಬ ಅಮೆರಿಕದ ಕಟ್ಟಳೆ 1891ರಲ್ಲಿ ಜಾರಿಗೆ ಬಂತು. ಹಾಗಾಗಿ ನಿಮ್ಮದು ಬಹುಶಃ ಅದರ ಈಚಿನದು. ‘ಅರಮನೆಯದು’ ಎನ್ನುವ ನಿಮ್ಮ ಸೋದರಮಾವನ ಮಾತು ಸದ್ಯಕ್ಕೆ ಪಕ್ಕಕ್ಕಿರಲಿ. ಫ್ರಾನ್ಸಿನ ಅರಸರ ಕಾರ್ಖಾನೆ ಸೆವ್ರ್‌ನಲ್ಲಿತ್ತು. ಅದರ ಗುರುತು ಒಂದಕ್ಕೊಂದು ಹೆಣೆದ ಎರಡು ‘ಎಲ್’. ಅದನ್ನು ನಕಲು ಮಾಡಿದವರಿಗೂ ಲೆಕ್ಕವಿಲ್ಲ.

ಲಿಮೋಜ್ ಹೆಸರಾದದ್ದು ಮಣ್ಣಿನಿಂದ. 1768ರ ಸುಮಾರಿಗೆ, ಪಕ್ಕದ ಊರಿನ ವೈದ್ಯನೊಬ್ಬನ ಹೆಂಡತಿ ಬಟ್ಟೆ ಒಗೆಯಲು ಬಂದೀತೇ ಎಂದು ತಂದ ಬಿಳಿ ಮಣ್ಣೇ ಪಿಂಗಾಣಿಗೆ ಬೇಕಾದ ಕೇಯೊಲಿನ್ ಆಗಿತ್ತಂತೆ. ಸವಳು ಮಣ್ಣು ಹಾಕಿ ಬಟ್ಟೆ ಒಗೆದ ನಮ್ಮವರಿಗೆ ಆ ಅದೃಷ್ಟ ಬರಲಿಲ್ಲ! ಸುಮಾರು 1400 ಡಿಗ್ರಿ ಕಾವಿನಲ್ಲಿ ಬೆಂದ ಈ ಮಣ್ಣಿನೊಳಗೆ ಬೆಳಕು ತೂರುತ್ತದೆ. ಬಸಿಯನ್ನು ದೀಪಕ್ಕೆ ಹಿಡಿದು ಹಿಂದೆ ಬೆರಳಾಡಿಸಿ. ನೆರಳು ಕಂಡರೆ ಅಸಲಿ ಪಿಂಗಾಣಿ.

ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಬೇಡಿ. ಚಿನ್ನದ ಅಂಚು ಹೊಳಪಿನ ಮೇಲೆ ಕೂತ ತೆಳುಪದರ. ಒಂದು ಕಡೆ ಆಗಲೇ ಸವೆದಿದೆ. ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ ಸಾಕು.

ದುಬೈಯ ಮಗಳಿಗೆ ಕಳಿಸುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ವಿಚಾರಿಸಿ. ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಕಾಯ್ದೆ ತಡೆಯುತ್ತದೆ. ಅಲ್ಲಿಯವರೆಗೆ ಕಪ್ಪನ್ನು ಹಿಡಿಯಿಂದ ಮೊಳೆಗೆ ತೂಗುಹಾಕಬೇಡಿ, ಮೊದಲು ಮುರಿಯುವುದು ಅದೇ.